ಶೀತಲ ಕೋಣೆಯ ಆರ್-22 ಗ್ಯಾಸನ್ನು ಗಾಳಿಗೆ ಬಿಡುವುದು ಸರಿಯೇ?

ಪ್ರಶ್ನೆ: ಗುಲಾಬಿ ಬೆಳೆಗಾರ, ಚಿಕ್ಕಬಳ್ಳಾಪುರ

ಎಲ್ಲರಿಗೂ ನಮಸ್ಕಾರ. ಕೊಯ್ದ ಗುಲಾಬಿಯನ್ನು ಮಾರುಕಟ್ಟೆಗೆ ಕಳುಹಿಸುವವರೆಗೆ ಇರಿಸಲು ನಮ್ಮ ತೋಟದಲ್ಲಿ ಒಂದು ಚಿಕ್ಕ ಶೀತಲ ಕೋಣೆಯಿದೆ. ಅದರ ಹಳೆಯ ಯಂತ್ರಕ್ಕೆ ವರ್ಷಕ್ಕೆ ಎರಡು ಬಾರಿ ಆರ್-22 ಎಂಬ ತಂಪು ಮಾಡುವ ಗ್ಯಾಸ್ ತುಂಬಿಸುತ್ತಿದ್ದೇವೆ. ಕಳೆದ ವಾರ ರಿಪೇರಿಗೆ ಬಂದವರು ಪೈಪು ಬೆಸೆಯುವ ಮುನ್ನ ವಾಲ್ವ್ ತೆರೆದು, ಉಳಿದಿದ್ದ ಗ್ಯಾಸನ್ನೆಲ್ಲ ಹೊರಗೆ ಬಿಟ್ಟರು. ಬುಸ್ಸೆಂದು ಹೋಗುತ್ತಿದ್ದಷ್ಟು ಹೊತ್ತೂ ಪೈಪಿನ ತುದಿಯಲ್ಲಿ ಬಿಳಿ ಹಿಮ ಕಟ್ಟುತ್ತಿತ್ತು. ಕೇಳಿದ್ದಕ್ಕೆ, "ಓಝೋನ್ ತೂತು ಮಾಡುವ ಗ್ಯಾಸ್ ಎಂದೋ ನಿಂತುಹೋಗಿದೆ, ತೂತು ಇರುವುದೂ ಅಂಟಾರ್ಕ್ಟಿಕಾದಲ್ಲಿ" ಎಂದರು. ಇದು ಎಷ್ಟರಮಟ್ಟಿಗೆ ನಿಜ?

ಉತ್ತರ: ವಿಜ್ಞಾನ ಶಿಕ್ಷಕಿ, ತುಮಕೂರು

ಅವರ ಮಾತಿನಲ್ಲಿ ಅರ್ಧ ಮಾತ್ರ ನಿಜ. ಹಳೆಯ ಫ್ರಿಜ್‌ಗಳಲ್ಲಿದ್ದ ಆರ್-12ರಂತಹ ಸಿಎಫ್‌ಸಿಗಳನ್ನು (ಕ್ಲೋರಿನ್ ಇರುವ, ಓಝೋನ್‌ಗೆ ಹೆಚ್ಚು ಹಾನಿ ಮಾಡುವ ಅನಿಲಗಳನ್ನು), ಇನ್‌ಹೇಲರ್‌ನಂತಹ ಕೆಲವು ವಿನಾಯಿತಿಗಳನ್ನು ಬಿಟ್ಟು, ಭಾರತ 2010ರ ಹೊತ್ತಿಗೆ ನಿಲ್ಲಿಸಿತು. ಆದರೆ ಆರ್-22ರಲ್ಲಿಯೂ ಕ್ಲೋರಿನ್ ಇದೆ. ಬಿಸಿಲಿನ ಹಾನಿಕರ ಕಿರಣಗಳನ್ನು ಎತ್ತರದಲ್ಲಿ ತಡೆಯುವ ಓಝೋನ್ ಪದರಕ್ಕೆ ಅದರಿಂದಾಗುವ ಹಾನಿ ತೂಕಕ್ಕೆ ತೂಕ ನೋಡಿದರೆ ಆರ್-12ರ ಸುಮಾರು ಇಪ್ಪತ್ತನೇ ಒಂದು ಭಾಗ. ಹೀಗಾಗಿಯೇ ಓಝೋನ್ ರಕ್ಷಣೆಗಾಗಿ ಆದ 1987ರ ಮಾಂಟ್ರಿಯಲ್ ಒಪ್ಪಂದದಡಿ ನಮ್ಮಂತಹ ದೇಶಗಳು ಆರ್-22ರ ಗುಂಪಿನ ಅನಿಲಗಳ ಬಳಕೆಯನ್ನು 2030ರ ಹೊತ್ತಿಗೆ ಶೇ. 97.5ರಷ್ಟು ಇಳಿಸಬೇಕಾಗಿದೆ.

ಅಂಟಾರ್ಕ್ಟಿಕಾದ ಮಾತು ಮಕ್ಕಳೂ ಪ್ರತಿ ವರ್ಷ ಕೇಳುವಂಥದ್ದು. ಎಲ್ಲಿಯೇ ಬಿಟ್ಟರೂ ಈ ಅನಿಲಗಳು ಇಡೀ ಭೂಮಿಯ ಗಾಳಿಯಲ್ಲಿ ಬೆರೆತು, ನಿಧಾನವಾಗಿ ಮೇಲೇರುತ್ತವೆ. ಅಲ್ಲಿ ಒಡೆದು ಹೊರಬಂದ ಒಂದೇ ಕ್ಲೋರಿನ್ ಪರಮಾಣು ಸಾವಿರಾರು ಓಝೋನ್ ಅಣುಗಳನ್ನು ಮುರಿಯಬಲ್ಲದು. ದಕ್ಷಿಣ ಧ್ರುವದ ಚಳಿಗಾಲದಲ್ಲಿ ಅಷ್ಟು ಎತ್ತರದ ಗಾಳಿ ಸೊನ್ನೆಗಿಂತ 78 ಡಿಗ್ರಿ ಕೆಳಕ್ಕೆ ಇಳಿದಾಗ ವಿಶೇಷ ಮೋಡಗಳು ಕಟ್ಟುತ್ತವೆ. ಅವುಗಳ ಕಣಗಳ ಮೇಲೆ, ಅದುವರೆಗೆ ತಟಸ್ಥವಾಗಿದ್ದ ಕ್ಲೋರಿನ್ ಕೆರಳುವ ಸ್ಥಿತಿಗೆ ಬಂದು, ಸೆಪ್ಟೆಂಬರ್ ಬಿಸಿಲು ಬಿದ್ದೊಡನೆ ಓಝೋನನ್ನು ಕಬಳಿಸುತ್ತದೆ. ತೂತು ಅಲ್ಲಿ ಬೀಳುವುದು ಚಳಿಯ ಕಾರಣಕ್ಕೆ; ಅನಿಲ ಹೋದದ್ದು ಎಲ್ಲ ಊರುಗಳಿಂದ. ನಿಯಮ ಪಾಲಿಸಿದರೆ 2066ರ ಸುಮಾರಿಗೆ ಅಲ್ಲಿನ ಪದರ 1980ರ ಮಟ್ಟಕ್ಕೆ ಮರಳುತ್ತದೆಂದು 2022ರ ಅಂತಾರಾಷ್ಟ್ರೀಯ ವರದಿ ಅಂದಾಜಿಸಿದೆ.

ಉತ್ತರ: ಎ.ಸಿ. ಮತ್ತು ಶೀತಲ ಕೋಣೆ ರಿಪೇರಿ, ಕೋಲಾರ

ಮೇಡಂ ವಿಜ್ಞಾನ ತಿಳಿಸಿದ್ದಾರೆ, ನಾನು ಕೆಲಸದ ಮಾತು ಹೇಳುತ್ತೇನೆ. ಸರ್, ಗ್ಯಾಸ್ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ವರ್ಷಕ್ಕೆ ಎರಡು ಬಾರಿ ತುಂಬಿಸಬೇಕಾಗಿದೆ ಎಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಪೈಪುಗಳನ್ನು ಜೋಡಿಸುವ ಫ್ಲೇರ್ ನಟ್‌ಗಳ ಸುತ್ತ ಎಣ್ಣೆಯ ಜಿಡ್ಡಿಗೆ ಧೂಳು ಅಂಟಿದೆಯೇ ನೋಡಿ. ಗ್ಯಾಸಿನ ಜೊತೆ ಕಂಪ್ರೆಸರ್ ಎಣ್ಣೆಯೂ ಹೊರಬರುತ್ತದೆ. ಅಲ್ಲಿ ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಏಳುತ್ತದೆ.

ಪೈಪು ಬೆಸೆಯುವ ಮುನ್ನ ಗ್ಯಾಸನ್ನು ರಿಕವರಿ ಯಂತ್ರದಿಂದ ಸಿಲಿಂಡರಿಗೆ ಎಳೆದುಕೊಳ್ಳಬೇಕು, ಸಿಲಿಂಡರನ್ನು ಶೇ. 80ಕ್ಕಿಂತ ಹೆಚ್ಚು ತುಂಬಬಾರದು. ಆ ಯಂತ್ರ ತರಲು ಒಪ್ಪದವರಿಗೆ ಕೆಲಸ ಕೊಡಬೇಡಿ. ಇನ್ನೊಂದು ಎಚ್ಚರಿಕೆ: ಕಡಿಮೆ ಬೆಲೆಗೆ ಸಿಗುತ್ತದೆಂದು ಆರ್-22ರ ಯಂತ್ರಕ್ಕೆ ಹೊತ್ತಿಕೊಳ್ಳುವ ಆರ್-290 ತುಂಬಲು ಯಾರಾದರೂ ಹೇಳಿದರೆ ಖಂಡಿತ ಒಪ್ಪಬೇಡಿ.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಧನ್ಯವಾದಗಳು. ಬೆಳಿಗ್ಗೆ ಟಾರ್ಚ್ ಹಿಡಿದು ನೋಡಿದೆ; ಹೊರಗಿನ ಘಟಕದ ಎರಡನೇ ನಟ್ಟಿನ ಕೆಳಗೆ ಅಂಗೈಯಗಲ ಕಪ್ಪು ಜಿಡ್ಡು ಇತ್ತು, ನೊರೆ ಹಚ್ಚಿದೊಡನೆ ಗುಳ್ಳೆಗಳೂ ಎದ್ದವು. ರಿಕವರಿ ಯಂತ್ರವಿರುವವರನ್ನು ಹುಡುಕಿ ಸೋಮವಾರಕ್ಕೆ ಬರಹೇಳಿದ್ದೇನೆ.