ಕೌಂಟರಿನ ಮಾತು 'ಒರಟು' ಅನ್ನಿಸುವುದು ಯಾಕೆ? ಎಂ.ಎ. ಪ್ರಾಜೆಕ್ಟಿಗೆ ಸಲಹೆ ಬೇಕು

ಸಂಜೆಪಾಳಿ:

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಬಿಲ್ಲಿಂಗ್ ಕೌಂಟರ್ ನೋಡಿಕೊಳ್ಳುತ್ತೇನೆ. ಜೊತೆಗೆ ದೂರಶಿಕ್ಷಣದಲ್ಲಿ ಸಂವಹನದ ಎಂ.ಎ. ಓದುತ್ತಿದ್ದೇನೆ. ಈಗ ಪ್ರಾಜೆಕ್ಟ್ ಬರೆಯಬೇಕು.

ವಿಷಯ ನನ್ನ ಪಕ್ಕದ ಕುರ್ಚಿಯಲ್ಲೇ ಇದೆ. ಬಾಗಲಕೋಟೆ ಕಡೆಯ ಹುಡುಗಿಯೊಬ್ಬಳು ನಮ್ಮ ಜೊತೆ ಕೆಲಸ ಮಾಡುತ್ತಾಳೆ. ಇನ್ಶೂರೆನ್ಸ್ ಫೈಲನ್ನು ಅವಳಷ್ಟು ಬೇಗ ಮುಗಿಸುವವರು ನಮ್ಮಲ್ಲಿ ಯಾರೂ ಇಲ್ಲ. ಆದರೆ ದೂರು ಜಾಸ್ತಿ ಬರುವುದೂ ಅವಳ ಮೇಲೆಯೇ. 'ಒರಟಾಗಿ ಮಾತಾಡ್ತಾರೆ' ಅಂತ. ಅವಳು ಕೇಳಿರುವುದು "ಅಡ್ವಾನ್ಸ್ ಎಷ್ಟ ಕಟ್ಟೀರಿ?" ಅಂತ ಅಷ್ಟೇ. ನಾನು ಪಕ್ಕದಲ್ಲೇ ಕೂತು ಕೇಳಿಸಿಕೊಂಡಿದ್ದೇನೆ. ಅದರಲ್ಲಿ ಬೇಜಾರು ಮಾಡಿಕೊಳ್ಳುವಂಥದ್ದು ಏನೂ ಇಲ್ಲ.

ಎಚ್‌ಆರ್‌ನವರು ತರಬೇತಿ ಕೊಡಿಸಿದರು. ಬಂದವರು ದೇಶಗಳ ಪಟ್ಟಿ ತೋರಿಸಿ, ಅಧಿಕಾರದ ಅಂತರದಲ್ಲಿ, ಅಂದರೆ ಮೇಲಿನವರು ಕೆಳಗಿನವರು ಅನ್ನುವ ಭೇದವನ್ನು ಜನ ಎಷ್ಟು ಒಪ್ಪಿಕೊಳ್ಳುತ್ತಾರೆ ಅನ್ನುವ ಅಳತೆಯಲ್ಲಿ, ಭಾರತಕ್ಕೆ 77 ಅಂಕ ಅಂದರು. ನಗುನಗುತ್ತಾ ಮಾತಾಡಿ ಅಂದು ಹೋದರು. ಆ ಹುಡುಗಿ ಈಗ ಬಾಯಿ ಬಿಡುವುದನ್ನೇ ಕಡಿಮೆ ಮಾಡಿದ್ದಾಳೆ. ನನಗೆ ತುಂಬಾ ಸಂಕಟ ಆಗುತ್ತಿದೆ. ಇದನ್ನು ಸರಿಯಾಗಿ ಅಧ್ಯಯನ ಮಾಡುವುದು ಹೇಗೆ? ಎಲ್ಲಿಂದ ಶುರು ಮಾಡಲಿ?

ಕೃಷ್ಣಾತೀರ:

ವಿಷಯ ಗಟ್ಟಿಯಾಗಿದೆ, ಬಿಡಬೇಡಿ. ನಾನು ಸಂವಹನ ವಿಭಾಗದಲ್ಲಿ ಪಾಠ ಮಾಡುವವಳು, ಊರು ಜಮಖಂಡಿ ಹತ್ತಿರ. ಹಾಗಾಗಿ ನಿಮ್ಮ ಗೆಳತಿಯ ದನಿ ನನಗೆ ಇಲ್ಲಿಂದಲೇ ಕೇಳಿಸುತ್ತಿದೆ.

ಮೊದಲು ಆ 77ರ ವಿಚಾರ. ಗೀರ್ಟ್ ಹಾಫ್‌ಸ್ಟೆಡ್ ಅಂತ ಡಚ್ ವಿದ್ವಾಂಸರು. 1967ರಿಂದ 1973ರವರೆಗೆ ಬೇರೆ ಬೇರೆ ದೇಶಗಳ ಐಬಿಎಂ ನೌಕರರು ತುಂಬಿಕೊಟ್ಟ ಒಂದು ಲಕ್ಷಕ್ಕೂ ಹೆಚ್ಚು ಪ್ರಶ್ನಾವಳಿಗಳಿಂದ ಅವರು ಈ ಅಂಕಗಳನ್ನು ತೆಗೆದರು. ದೇಶಕ್ಕೂ ದೇಶಕ್ಕೂ ಹೋಲಿಸಲು ಮಾಡಿದ ಅಳತೆ ಅದು. ಒಬ್ಬ ವ್ಯಕ್ತಿಗೆ ಅದನ್ನು ಹಚ್ಚಬಾರದು ಅಂತ ಅವರೇ ಎಚ್ಚರಿಸಿದ್ದಾರೆ. ಒಂದೇ ರಾಜ್ಯದ ಇಬ್ಬರು, ಒಂದೇ ಭಾಷೆಯಲ್ಲಿ ಮಾತಾಡಿ ಮುನಿಸಿಕೊಂಡರೆ ಆ ಪಟ್ಟಿ ಏನು ಹೇಳೀತು?

ನಿಮಗೆ ಬೇಕಾಗಿರುವುದು ಜಾನ್ ಗಂಪರ್ಜ್ ಅನ್ನುವ ಭಾಷಾವಿಜ್ಞಾನಿ. 1970ರ ದಶಕದಲ್ಲಿ ಬ್ರಿಟನ್ನಿನ ಒಂದು ದೊಡ್ಡ ವಿಮಾನ ನಿಲ್ದಾಣದ ಸಿಬ್ಬಂದಿ ಕ್ಯಾಂಟೀನಿನಲ್ಲಿ ಇಂಥದ್ದೇ ಗಲಾಟೆ ಇತ್ತು. ಭಾರತ, ಪಾಕಿಸ್ತಾನದ ಹೆಂಗಸರು ಹೊಸದಾಗಿ ಬಡಿಸುವ ಕೆಲಸಕ್ಕೆ ಸೇರಿದ್ದರು. ಸಿಡುಕಿನವರು ಅಂತ ಅವರ ಮೇಲೆ ದೂರು. ಗಂಪರ್ಜ್ ಮಾತುಗಳನ್ನು ರೆಕಾರ್ಡ್ ಮಾಡಿ ನೋಡಿದರೆ ಜಗಳವೇ ಇರಲಿಲ್ಲ. ಮಾಂಸದ ಜೊತೆ ಗ್ರೇವಿ ಬೇಕಾ ಅಂತ ಕೇಳಬೇಕು. ಬ್ರಿಟಿಷ್ ಹೆಂಗಸರು "ಗ್ರೇವಿ?" ಅಂತ ದನಿ ಮೇಲಕ್ಕೆತ್ತಿ ಕೇಳುತ್ತಿದ್ದರು. ನಮ್ಮವರು ದನಿ ಇಳಿಸಿ "ಗ್ರೇವಿ" ಅನ್ನುತ್ತಿದ್ದರು. ಅವರ ಪಾಲಿಗೆ ಅದೂ ಪ್ರಶ್ನೆಯೇ. ಕೇಳಿದವರಿಗೆ ಮಾತ್ರ 'ಇದು ಗ್ರೇವಿ, ಬೇಕಿದ್ರೆ ತಗೋ' ಅಂದ ಹಾಗೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಂದಿನ ಭಾಗ. ಟೇಪ್ ಕೇಳಿಸಿದಾಗ ಆ ಹೆಂಗಸರಿಗೆ ಮೊದಲು ವ್ಯತ್ಯಾಸವೇ ಗೊತ್ತಾಗಲಿಲ್ಲ. ನಾವೂ ಅದನ್ನೇ ಅಂದೆವಲ್ಲ, ನಮ್ಮನ್ನು ಮಾತ್ರ ಯಾಕೆ ಬೇರೆ ಮಾಡ್ತಾರೆ ಅಂದರು. ದನಿಯ ಏರಿಳಿತದ ವಿಚಾರ ಚರ್ಚೆಯಾದ ಮೇಲೆ ಎರಡೂ ಕಡೆಯವರಿಗೆ ವಿಷಯ ಹೊಳೆಯಿತು. ಮೇಲ್ವಿಚಾರಕರೂ ಕಲಿತರು. ನಿಮ್ಮ ಆಸ್ಪತ್ರೆಯಲ್ಲಿ ಆಗದೇ ಹೋದದ್ದು ಅದೇ. ಹುಡುಗಿಗೆ ಮಾತ್ರ ಪಾಠ ಹೇಳಿದ್ದಾರೆ.

ಪದಗಳಲ್ಲಿ ತಪ್ಪಿದ್ದರೆ 'ಪಾಪ, ಭಾಷೆ ಬರಲ್ಲ' ಅಂತ ಜನ ಬಿಟ್ಟುಬಿಡುತ್ತಾರೆ. ದನಿ ಬೇರೆಯಾದರೆ ಹಾಗಲ್ಲ, ಗುಣವೇ ಕೆಟ್ಟದ್ದು ಅಂತಾರೆ. ನಿಮ್ಮ ಪ್ರಾಜೆಕ್ಟ್ ಇಲ್ಲಿಂದ ಶುರುವಾಗಲಿ.

ಇನ್ನೊಂದು ಮಾತು, ಸುಮ್ನೆ ಖುಷಿಗೆ: ಗಂಪರ್ಜ್ ನಮ್ಮ ಗಡಿಯಲ್ಲೂ ಕೆಲಸ ಮಾಡಿದವರು. ಸಾಂಗ್ಲಿ ಜಿಲ್ಲೆಯ ಕುಪ್ವಾಡದಲ್ಲಿ ಕನ್ನಡ, ಮರಾಠಿ, ಉರ್ದು ದಿನವೂ ಒಟ್ಟಿಗೆ ಬಾಳಿ, ಪದಗಳು ಬೇರೆಯಾಗಿಯೇ ಉಳಿದರೂ ವಾಕ್ಯದ ಕಟ್ಟು ಹೆಚ್ಚುಕಡಿಮೆ ಒಂದೇ ಆಗಿದೆ ಅಂತ 1971ರಲ್ಲಿ ರಾಬರ್ಟ್ ವಿಲ್ಸನ್ ಜೊತೆ ಬರೆದರು.

ಹುಬ್ಬಳ್ಳಿ ಹುಡುಗ:

ಅಕ್ಕಾವ್ರು ಹೇಳಿದ್ದು ಖರೆ. ಇದಕ್ಕೆ ಟಿವಿಯನ್ನೂ ಸೇರಿಸಿ. ನಾನು ಸೀರಿಯಲ್‌ಗಳಿಗೆ ಸಂಭಾಷಣೆ ಬರೆಯುತ್ತೇನೆ. 'ಈ ಪಾತ್ರಕ್ಕೆ ಉತ್ತರ ಕರ್ನಾಟಕದ ಭಾಷೆ ಹಾಕಿ' ಅಂತ ನನಗೆ ಹೇಳುವುದು ಹೆಚ್ಚಾಗಿ ನಗಿಸುವ ಅಥವಾ ಗದರುವ ಪಾತ್ರಕ್ಕೆ. ಡಾಕ್ಟರ್, ಲಾಯರ್ ಪಾತ್ರಕ್ಕೆ ಯಾರೂ ಕೇಳಿಲ್ಲ. ಕೌಂಟರಿಗೆ ಬರುವವರು ಸಂಜೆ ಅದನ್ನೇ ನೋಡಿ ಬಂದಿರುತ್ತಾರೆ. ಬರ್ಮಿಂಗ್‌ಹ್ಯಾಮ್‌ನ ವಿದ್ವಾಂಸ ಸ್ಟುವರ್ಟ್ ಹಾಲ್ 1973ರಲ್ಲಿ ಟಿವಿ ಬಗ್ಗೆ ಬರೆದ ಪ್ರಬಂಧ ನಿಮ್ಮ ಪಠ್ಯದಲ್ಲಿ ಇದ್ದೇ ಇರುತ್ತೆ. ಕಳಿಸಿದ ಅರ್ಥವನ್ನೇ ನೋಡುಗರು ತಗೊಳ್ಳಬೇಕು ಅಂತಿಲ್ಲ. ಒಪ್ಪಬಹುದು, ಅರ್ಧ ಒಪ್ಪಬಹುದು, ಪೂರ್ತಿ ಎದುರು ನಿಲ್ಲಬಹುದು. ನಮ್ಮ ಊರಿನವರು ಆ ಪಾತ್ರಗಳನ್ನು ನೋಡಿ ಏನಂತಾರೆ ಅಂತಲೂ ಕೇಳಿ. ಸಿಟ್ಟು ಎಷ್ಟಿದೆ ಅಂತ ನಿಮಗೇ ಗೊತ್ತಾಗುತ್ತೆ.

ವಾರ್ಡ್ ನಂಬರ್ ಎಂಟು:

ನಾನು ನರ್ಸ್, ಮಂಗಳೂರು. ಎಲ್ಲವನ್ನೂ ಸಂಸ್ಕೃತಿ ಅನ್ನಬೇಡಿ ಅಂತ ಕೇಳಿಕೊಳ್ತೇನೆ. ಕೌಂಟರಿಗೆ ಗಾಜು ಇದೆಯಾ? ಮಾಸ್ಕ್ ಹಾಕುತ್ತೀರಾ? ಹಿಂದೆ ಟೋಕನ್ ಕೂಗುವ ಸ್ಪೀಕರ್ ಇದೆಯಾ? ಇವೆಲ್ಲ ಇದ್ದರೆ ಯಾರೇ ಆದರೂ ದನಿ ಎತ್ತಲೇಬೇಕು. ಎದುರು ನಿಂತವರ ಮನೆಯವರು ಐಸಿಯುನಲ್ಲಿ ಇರುತ್ತಾರೆ, ಕೈಯಲ್ಲಿ ದುಡ್ಡಿರುವುದಿಲ್ಲ. ಆ ಹೊತ್ತಿನಲ್ಲಿ 'ಎಷ್ಟು ಕಟ್ಟಿದ್ದೀರಿ' ಅನ್ನುವ ಮಾತು ಯಾವ ದನಿಯಲ್ಲಿ ಬಂದರೂ ಚುಚ್ಚುತ್ತೆ, ಅಲ್ವಾ?

ಸಂಜೆಪಾಳಿ:

ಗಾಜು ಇದೆ, ಸ್ಪೀಕರ್ ಸರಿಯಾಗಿ ನಮ್ಮ ತಲೆಯ ಮೇಲೆಯೇ ಇದೆ. ಆದರೆ ನನಗೂ ಅದೇ ಗಾಜು, ಅದೇ ಪ್ರಶ್ನೆ. ನನ್ನ ಮೇಲೆ ದೂರು ಬರುವುದಿಲ್ಲ. ನಾನು ಮಂಡ್ಯದವಳು. ಹಾಗಾಗಿ ದನಿಯ ಪಾಲು ಎಷ್ಟು, ಗಾಜಿನ ಪಾಲು ಎಷ್ಟು ಅಂತ ಬಿಡಿಸಿ ನೋಡಬೇಕು. ಕೌಂಟರಿನಲ್ಲಿ ಫೋನ್ ಇಟ್ಟು ರೆಕಾರ್ಡ್ ಮಾಡಲಾ?

ಕೃಷ್ಣಾತೀರ:

ಬೇಡವೇ ಬೇಡ. ರೋಗಿಗಳ ಕಾಯಿಲೆ, ದುಡ್ಡಿನ ವಿವರ ಎಲ್ಲ ಅದರಲ್ಲಿ ಬರುತ್ತೆ. ಆಸ್ಪತ್ರೆಯ ಎಥಿಕ್ಸ್ ಸಮಿತಿ ಒಪ್ಪದೆ, ಮಾತಾಡುವವರ ಒಪ್ಪಿಗೆ ಇಲ್ಲದೆ ಅದು ಆಗದು.

ಬೇರೆ ದಾರಿ ಇದೆ. 1960ರಲ್ಲಿ ಮಾಂಟ್ರಿಯಲ್‌ನಲ್ಲಿ ವ್ಯಾಲೇಸ್ ಲ್ಯಾಂಬರ್ಟ್ ಅನ್ನುವ ಮನೋವಿಜ್ಞಾನಿ ಮತ್ತು ಜೊತೆಗಾರರು ಎರಡು ಭಾಷೆ ಚೆನ್ನಾಗಿ ಬಲ್ಲವರಿಂದ ಒಂದೇ ಪಠ್ಯವನ್ನು ಫ್ರೆಂಚಿನಲ್ಲೂ ಇಂಗ್ಲಿಷಿನಲ್ಲೂ ಓದಿಸಿದರು. ಎರಡೂ ದನಿ ಒಬ್ಬರದ್ದೇ ಅಂತ ಕೇಳುವವರಿಗೆ ಹೇಳಲಿಲ್ಲ. ಫ್ರೆಂಚ್ ಮಾತಾಡುವವರೇ ಫ್ರೆಂಚ್ ದನಿಗೆ ಎಷ್ಟೋ ಗುಣಗಳಲ್ಲಿ ಕಡಿಮೆ ಅಂಕ ಕೊಟ್ಟರು.

ನೀವೂ ಹಾಗೇ ಮಾಡಿ. ಬಾಗಲಕೋಟೆ, ಮೈಸೂರು ಎರಡೂ ಬಗೆಯ ಕನ್ನಡ ಸಲೀಸಾಗಿ ಆಡುವವರನ್ನು ಹುಡುಕಿ, ಕೌಂಟರಿನ ಮಾತುಗಳನ್ನೇ ಎರಡೂ ಬಗೆಯಲ್ಲಿ ಹೇಳಿಸಿ. ಗಾಜು, ಗದ್ದಲ ಇಲ್ಲದ ಕೋಣೆಯಲ್ಲಿ ರೆಕಾರ್ಡ್ ಮಾಡಿ, ಆಗ ನರ್ಸ್ ಅವರ ಪ್ರಶ್ನೆಗೂ ಉತ್ತರ ಸಿಗುತ್ತೆ. ಮಧ್ಯೆ ಬೇರೆಯವರ ದನಿಯನ್ನೂ ಸೇರಿಸಿ, ಇಲ್ಲದಿದ್ದರೆ ಗುಟ್ಟು ಬಯಲಾಗುತ್ತೆ. ಕೇಳುಗರಲ್ಲಿ ಎರಡೂ ಕಡೆಯವರು ಇರಲಿ. 'ಸಹಾಯ ಮಾಡ್ತಾರೆ ಅನ್ಸುತ್ತಾ', 'ಗದರಿದ ಹಾಗೆ ಇದೆಯಾ' ಅಂತ ಅಂಕ ಕೊಡಿಸಿ. ನಿಮ್ಮ ಗೆಳತಿಯ ದನಿಯನ್ನು ಮಾತ್ರ ಇದಕ್ಕೆ ಬಳಸಬೇಡಿ, ಅವಳ ಕೆಲಸಕ್ಕೆ ತೊಂದರೆ ಆಗಬಾರದು. ಪ್ರಶ್ನೆಪಟ್ಟಿ ಬರೆದಾದ ಮೇಲೆ ಇಲ್ಲೇ ಹಾಕಿ, ನೋಡಿ ಹೇಳ್ತೇನೆ.