11 ವರ್ಷದ ಲ್ಯಾಬ್ರಡಾರ್ ನಾಯಿಗೆ ಸಂದುನೋವು: ಊಟದಲ್ಲಿ ಏನು ಬದಲಿಸಬಹುದು?

ಅಡಿಕೆತೋಟ, ಸಾಗರ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ರಾಮುವಿಗೆ ಈಗ 11 ವರ್ಷ. ಲ್ಯಾಬ್ರಡಾರ್, ಗಂಡು, ತೂಕ 38 ಕೇಜಿ. ಈ ಮಳೆಗಾಲ ಶುರುವಾದ ಮೇಲೆ ಏಳುವುದೇ ಕಷ್ಟ ಆಗಿದೆ. ಬೆಳಿಗ್ಗೆ ಮುಂಗಾಲು ಊರಿ ಅರ್ಧ ಏಳುತ್ತಾನೆ, ಹಿಂಭಾಗ ಮೇಲೆ ಬರುವುದಿಲ್ಲ. ಹೇಗೋ ಎದ್ದು ಅಂಗಳದಲ್ಲಿ ಒಂದು ಸುತ್ತು ಹಾಕಿದರೆ ಸ್ವಲ್ಪ ಸಡಿಲ ಆಗುತ್ತದೆ. ಜಗಲಿಯ ಮೆಟ್ಟಿಲ ಹತ್ತಿರ ಬಂದು ನಿಂತುಬಿಡುತ್ತಾನೆ. ಒಳಗಿನ ನೆಲ ರೆಡ್ ಆಕ್ಸೈಡ್, ಅಲ್ಲಿ ಕಾಲು ಜಾರುತ್ತದೆ.

ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಕರೆದುಕೊಂಡು ಹೋಗಿದ್ದೆವು. ಎಕ್ಸ್‌ರೇ ತೆಗೆದು ಸೊಂಟದ ಕೀಲು ಸವೆದಿದೆ ಎಂದರು. ನೋವಿನ ಮಾತ್ರೆ ಕೊಟ್ಟಿದ್ದಾರೆ. ಮಾತ್ರೆ ಕೊಟ್ಟ ದಿನ ಪರವಾಗಿಲ್ಲ, ಬಿಟ್ಟರೆ ಮತ್ತೆ ಅದೇ ಕಥೆ.

ಊರಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅರಿಶಿನದ ಹಾಲು ಕೊಡಿ, ಮಂಗರವಳ್ಳಿ ಅರೆದು ಹಾಕಿ, ರಾಗಿ ಗಂಜಿ ಕೊಡಿ, ಕ್ಯಾಲ್ಸಿಯಂ ಟಾನಿಕ್ ಹಾಕಿ ಅಂತ. ಇದರಲ್ಲಿ ನಿಜವಾಗಿ ಉಪಯೋಗ ಆಗುವುದು ಯಾವುದು? ನಮ್ಮ ಮನೆಯಲ್ಲಿ ಮೀನು, ಮಾಂಸ ಬೇಯಿಸುವುದಿಲ್ಲ, ಅದೊಂದು ಗಮನದಲ್ಲಿರಲಿ.

ಹಳೇಮನೆ, ಮೈಸೂರು

ಅರಿಶಿನ ಖಂಡಿತ ಕೊಡಿ. ಅರಿಶಿನ ಪುಡಿಯನ್ನು ನೀರಲ್ಲಿ ಕುದಿಸಿ, ಕೊಬ್ಬರಿ ಎಣ್ಣೆ, ಕಾಳುಮೆಣಸಿನ ಪುಡಿ ಸೇರಿಸಿ ಪೇಸ್ಟ್ ಮಾಡಿ ಫ್ರಿಜ್ಜಲ್ಲಿಡಿ. ದಿನಕ್ಕೆ ಒಂದೆರಡು ಚಮಚ ಅನ್ನದ ಜೊತೆ ಕಲಸಿ ಹಾಕಿ. ವಾಯು ಜಾಸ್ತಿ ಇದ್ದರೆ ಎರಡು ಎಸಳು ಬೆಳ್ಳುಳ್ಳಿನೂ ಜಜ್ಜಿ ಹಾಕಬಹುದು.

ಕಡಲತಡಿ, ಮಲ್ಪೆ

ಮೊದಲು ಒಂದು ವಿನಂತಿ. ಬೆಳ್ಳುಳ್ಳಿ ಬೇಡವೇ ಬೇಡ. ಈರುಳ್ಳಿಯೂ ಬೇಡ. ಎರಡೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಆ ಗುಣ ಹೋಗುವುದಿಲ್ಲ. ಸಾಂಬಾರ್ ಕಲಸಿದ ಅನ್ನ ಹಾಕುವ ಮನೆಗಳಲ್ಲಿ ಇದು ಗೊತ್ತಿಲ್ಲದೆಯೇ ದಿನಾ ಹೊಟ್ಟೆಗೆ ಹೋಗುತ್ತಿರುತ್ತದೆ.

ಸಾಗರದವರೇ, ನಾನು ವಯಸ್ಸಾದ ಲ್ಯಾಬ್‌ಗಳನ್ನೇ ಸಾಕಿದವಳು. ಈಗಲೂ ಮನೆಯಲ್ಲಿ ಒಬ್ಬಳು ಅಜ್ಜಿ ಇದ್ದಾಳೆ, ಹೆಸರು ಚಿನ್ನಿ, ಅವಳಿಗೂ ಸೊಂಟದ್ದೇ ತೊಂದರೆ. ನನ್ನ ಅನುಭವದಲ್ಲಿ, ಏನು ಸೇರಿಸಬೇಕು ಅನ್ನುವುದಕ್ಕಿಂತ ಮೊದಲು ಏನು ಕಡಿಮೆ ಮಾಡಬೇಕು ಅನ್ನುವುದನ್ನು ನೋಡಬೇಕು. 38 ಕೇಜಿ ಅಂದಿರಿ. ರಾಮು ತುಂಬಾ ದೊಡ್ಡ ಮೈಕಟ್ಟಿನ ಲ್ಯಾಬ್ ಅಲ್ಲದಿದ್ದರೆ ಇದು ಜಾಸ್ತಿಯೇ. ಸವೆದ ಕೀಲಿನ ಮೇಲೆ ಆ ಭಾರ ಹಗಲೂ ರಾತ್ರಿ ಕೂತಿರುತ್ತದೆ. ಅಷ್ಟೇ ಅಲ್ಲ, ಮೈಯ ಕೊಬ್ಬು ಸುಮ್ನೆ ಕೂರುವುದಿಲ್ಲ, ಉರಿಯೂತ ಹೆಚ್ಚಿಸುವ ಪದಾರ್ಥಗಳನ್ನೂ ರಕ್ತಕ್ಕೆ ಬಿಡುತ್ತದೆ.

ಒಂದು ಪರೀಕ್ಷೆ ಮಾಡಿ. ನಿಮ್ಮ ಕೈಯನ್ನು ಚಪ್ಪಟೆಯಾಗಿ ಇಟ್ಟು ಅದರ ಹಿಂಭಾಗವನ್ನು ಇನ್ನೊಂದು ಕೈಯ ಬೆರಳಿಂದ ಸವರಿ. ತೆಳ್ಳನೆ ಚರ್ಮದ ಕೆಳಗೆ ಮೂಳೆ ತಾಗುತ್ತದೆ ಅಲ್ವಾ? ರಾಮುವಿನ ಪಕ್ಕೆಲುಬು ಹಾಗೆ ತಾಗಬೇಕು. ಅಂಗೈ ಮುಟ್ಟಿದ ಹಾಗೆ ಮೆತ್ತಗೆ ಇದ್ದರೆ, ಒತ್ತಿದರೆ ಮಾತ್ರ ಎಲುಬು ಸಿಗುವುದಾದರೆ, ತೂಕ ಇಳಿಸಲೇಬೇಕು. ಮೇಲಿನಿಂದ ನೋಡಿದಾಗ ಪಕ್ಕೆಯ ಹಿಂದೆ ಸೊಂಟ ಒಳಗೆ ಹೋಗಿರಬೇಕು.

ಇದನ್ನು ಬರೀ ನಂಬಿಕೆಯಿಂದ ಹೇಳುತ್ತಿಲ್ಲ. ಅಮೆರಿಕದಲ್ಲಿ ನಾಯಿ ಆಹಾರ ತಯಾರಿಸುವ ಪ್ಯುರಿನಾ ಕಂಪನಿಯವರು 48 ಲ್ಯಾಬ್ ಮರಿಗಳನ್ನು ಜೋಡಿ ಮಾಡಿ ಸಾಕಿದರು. ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ 25% ಕಡಿಮೆ ಊಟ, ಜೀವನ ಪೂರ್ತಿ. ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಕಡಿಮೆ ತಿಂದ ಗುಂಪು ಸುಮಾರು 1.8 ವರ್ಷ ಹೆಚ್ಚು ಬದುಕಿತು, ಸಂದುನೋವಿಗೆ ಔಷಧ ಬೇಕಾಗಿದ್ದೂ ತಡವಾಗಿ. ಈಗಾಗಲೇ ಕುಂಟುತ್ತಿರುವ ದಪ್ಪ ನಾಯಿಗಳ ಮೇಲೆ ಮಾಡಿದ ಇನ್ನೊಂದು ಅಧ್ಯಯನ 2010ರಲ್ಲಿ ಬಂತು. ತೂಕ 6%ರಷ್ಟು ಇಳಿದಾಗಲೇ ಕುಂಟು ಕಡಿಮೆಯಾಗಿದ್ದು ಅದರಲ್ಲಿ ಕಂಡಿತು. ರಾಮುವಿನ ಲೆಕ್ಕದಲ್ಲಿ ಅದು ಎರಡೂಕಾಲು, ಎರಡೂವರೆ ಕೇಜಿ ಅಷ್ಟೇ. ಆಗದ ಕೆಲಸ ಅಲ್ಲ.

ಸೇರಿಸುವ ವಿಷಯಕ್ಕೆ ಬಂದರೆ, ನಾನು ಧೈರ್ಯವಾಗಿ ಹೇಳುವುದು ಮೀನೆಣ್ಣೆಯ ಒಮೇಗಾ-3 ಒಂದನ್ನೇ. ಅದರಲ್ಲಿರುವ ಇಪಿಎ, ಡಿಎಚ್‌ಎ ಅನ್ನುವ ಎರಡು ಬಗೆಯ ಕೊಬ್ಬು ಉರಿಯೂತ ತಗ್ಗಿಸುತ್ತವೆ. ನಾನು ಚಿನ್ನಿಗೆ ಬೂತಾಯಿ ಮೀನು ಕೊಡುತ್ತೇನೆ. ತಲೆ, ಹೊಟ್ಟೆ ತೆಗೆದು, ಉಪ್ಪು ಖಾರ ಏನೂ ಹಾಕದೆ, ಸ್ವಲ್ಪ ನೀರಿಟ್ಟು ಕುಕ್ಕರಿನಲ್ಲಿ ಕೂಗಿದ ಮೇಲೆ ಸಣ್ಣ ಉರಿಯಲ್ಲಿ ತುಂಬಾ ಹೊತ್ತು ಬಿಡುತ್ತೇನೆ. ನಡುಮುಳ್ಳನ್ನು ಎರಡು ಬೆರಳ ಮಧ್ಯೆ ಹಿಸುಕಿದರೆ ಹಿಟ್ಟಾಗಬೇಕು. ಮುರಿದರೆ ಇನ್ನೂ ಬೇಯಬೇಕು ಅಂತ ಅರ್ಥ. ಆ ನೀರನ್ನು ಚೆಲ್ಲಬೇಡಿ, ಮೇಲೆ ತೇಲುವ ಎಣ್ಣೆಯೇ ನಮಗೆ ಬೇಕಾದದ್ದು. ಜೂನ್, ಜುಲೈ ಟ್ರಾಲಿಂಗ್ ನಿಷೇಧದ ಸಮಯದಲ್ಲಿ ತಾಜಾ ಮೀನು ಸಿಗುವುದು ಕಷ್ಟ. ಆಗ ಒಣಮೀನು ಹಾಕುವವರಿದ್ದಾರೆ, ಅದು ಬೇಡ, ಉಪ್ಪೇ ಉಪ್ಪು. ಆ ದಿನಗಳಲ್ಲಿ ನಾನು ಕ್ಯಾಪ್ಸೂಲಿಗೆ ಹೋಗುತ್ತೇನೆ.

ಕ್ಯಾಪ್ಸೂಲ್ ತರುವಾಗ ಹಿಂದಿನ ಸಣ್ಣ ಅಕ್ಷರ ಓದಿ. ಮುಂದೆ 1000 ಮಿಲಿಗ್ರಾಂ ಅಂತ ದೊಡ್ಡದಾಗಿ ಇರುತ್ತದೆ, ಅದು ಒಟ್ಟು ಎಣ್ಣೆ. ಸಾಮಾನ್ಯ ಕ್ಯಾಪ್ಸೂಲಿನಲ್ಲಿ ಇಪಿಎ 180, ಡಿಎಚ್‌ಎ 120, ಎರಡೂ ಸೇರಿ 300 ಮಾತ್ರ. ನಮಗೆ ಲೆಕ್ಕ ಆ 300. ಮತ್ತೆ, ಕಾಡ್ ಲಿವರ್ ಎಣ್ಣೆ ಬೇರೆ, ಮೀನೆಣ್ಣೆ ಬೇರೆ. ಕಾಡ್ ಲಿವರ್‌ನಲ್ಲಿ ವಿಟಮಿನ್ ಎ ಮತ್ತು ಡಿ ತುಂಬಾ ಇರುತ್ತದೆ, ಜಾಸ್ತಿ ಆದರೆ ವಿಷ.

ಅರಿಶಿನದ ಪೇಸ್ಟ್ ಬಗ್ಗೆ: ಅರಿಶಿನ ಕೆಟ್ಟದ್ದಲ್ಲ, ಆದರೆ ಅದರ ಸತ್ವ ಕರುಳಿನಿಂದ ರಕ್ತಕ್ಕೆ ಹೋಗುವುದು ಬಹಳ ಕಡಿಮೆ. ನಾಯಿಗಳಲ್ಲಿ ಗುಣ ಸಿಕ್ಕಿದ್ದಕ್ಕೆ ಗಟ್ಟಿ ಪುರಾವೆಯೂ ಇಲ್ಲ. ಒಂದು ದೊಡ್ಡ ಚಮಚ ಕೊಬ್ಬರಿ ಎಣ್ಣೆಯಲ್ಲಿ ಮಾತ್ರ ಸುಮಾರು 120 ಕ್ಯಾಲೊರಿ ಇರುತ್ತದೆ. ತೂಕ ಇಳಿಸಬೇಕಾದ ನಾಯಿಗೆ ದಿನಾ ಎಣ್ಣೆ ತಿನ್ನಿಸಿದರೆ ಹೇಗೆ?

ರಾಮು ದಿನಕ್ಕೆ ಏನೇನು ತಿನ್ನುತ್ತಾನೆ, ಪೂರ್ತಿ ಬರೆಯಿರಿ. ಯಾರು ಕೊಟ್ಟರು ಅನ್ನುವುದೂ ಸೇರಿಸಿ.

ಅಡಿಕೆತೋಟ, ಸಾಗರ

ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ, ಧನ್ಯವಾದ ಅಕ್ಕ. ಪಕ್ಕೆಲುಬು ನೋಡಿದೆ, ಚೆನ್ನಾಗಿ ಒತ್ತಿದರೆ ಮಾತ್ರ ಸಿಗುತ್ತದೆ.

ಬೆಳಿಗ್ಗೆ ಎರಡು ದೋಸೆ, ಹಾಲು. ಮಧ್ಯಾಹ್ನ ದೊಡ್ಡ ತಟ್ಟೆಯಲ್ಲಿ ಅನ್ನ ಮೊಸರು. ಸಂಜೆ ಚಹಾ ಹೊತ್ತಿಗೆ ಅಪ್ಪನ ಜೊತೆ ರಸ್ಕ್, ಬಿಸ್ಕತ್ತು. ರಾತ್ರಿ ಮತ್ತೆ ಅನ್ನ. ಇದರ ಮಧ್ಯೆ ಅಮ್ಮ ಊಟ ಮುಗಿಸುವಾಗ ಕೊನೆಯ ತುತ್ತು ಅವನಿಗೇ. ಅದನ್ನು ನಿಲ್ಲಿಸಿ ಅಂತ ಹೇಳುವುದು ಹೇಗೆ ಅಂತಲೇ ಗೊತ್ತಾಗುತ್ತಿಲ್ಲ. ಅವನೂ ಅದಕ್ಕೇ ಕಾದಿರುತ್ತಾನೆ.

ಮೀನು ತರಲು ಆಗುವುದಿಲ್ಲ. ಅಗಸೆ ಬೀಜ ಆಗುತ್ತದೆಯೇ? ಮೊಟ್ಟೆ ಹೊರಗಿನ ಒಲೆಯಲ್ಲಿ ಬೇಯಿಸಬಹುದು, ಅಮ್ಮ ಬೇಡ ಅನ್ನುವುದಿಲ್ಲ. ಮಂಗರವಳ್ಳಿ ನಮ್ಮ ಬೇಲಿಯಲ್ಲೇ ಇದೆ, ಅದರ ಬಗ್ಗೆಯೂ ಹೇಳಿ.

ಪಶುವೈದ್ಯ, ಹಾಸನ

ಎರಡು ಮೂರು ವಿಷಯ ಸೇರಿಸುತ್ತೇನೆ.

ನಮ್ಮ ಕಡೆ ಉಣ್ಣಿ ಕಾಟ ಇರುವ ನಾಯಿಗಳಿಗೆ ಟಿಕ್ ಫೀವರ್ (ಉಣ್ಣಿ ಕಚ್ಚಿ ಬರುವ ಜ್ವರ) ಬಂದರೂ ಕೀಲು ನೋಯುತ್ತದೆ. ಎಕ್ಸ್‌ರೇಯಲ್ಲಿ ಸವೆತ ಕಂಡಿದೆ ಅಂದ ಮಾತ್ರಕ್ಕೆ ಇದು ಇಲ್ಲ ಅಂತ ಆಗುವುದಿಲ್ಲ. ಮಳೆಗಾಲದಲ್ಲಿ ಒಮ್ಮೆಲೇ ಜೋರಾಗಿದೆ ಅಂದರೆ ಒಂದು ರಕ್ತಪರೀಕ್ಷೆ ಮಾಡಿಸಿ. ಅದರ ಜೊತೆಗೇ ಲಿವರ್, ಕಿಡ್ನಿ ನೋಡಿಸಿ. ನೋವಿನ ಮಾತ್ರೆ ಹೆಚ್ಚು ದಿನ ಬೇಕಾದರೆ ಅದು ಗೊತ್ತಿರಲೇಬೇಕು.

ಮನೆಯಲ್ಲಿರುವ ಮನುಷ್ಯರ ಮಾತ್ರೆ ದಯವಿಟ್ಟು ಹಾಕಬೇಡಿ. ಡೈಕ್ಲೋಫೆನಾಕ್, ಐಬುಪ್ರೊಫೇನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತಸ್ರಾವ ತರುತ್ತವೆ. ನಮ್ಮಲ್ಲಿಗೆ ಕಪ್ಪು ಭೇದಿ ಮಾಡಿಕೊಂಡು ಬರುವ ನಾಯಿಗಳ ಕಥೆ ಬಹಳ ಸಲ ಇದೇ. ಮೀನೆಣ್ಣೆ, ಅರಿಶಿನ ಏನೇ ಕೊಟ್ಟರೂ ನಿಮ್ಮ ಡಾಕ್ಟರಿಗೆ ಹೇಳಿ. ಎರಡೂ ಜಾಸ್ತಿ ಆದರೆ ರಕ್ತ ಹೆಪ್ಪುಗಟ್ಟುವುದರ ಮೇಲೆ ಪರಿಣಾಮ ಬೀರಬಹುದು.

ಕ್ಯಾಲ್ಸಿಯಂ ಟಾನಿಕ್ ಬೇಡ. ಇದು ಮೃದ್ವಸ್ಥಿ (ಕೀಲಿನಲ್ಲಿ ಮೂಳೆಯ ತುದಿಗಿರುವ ಮೆತ್ತನೆ ಪದರ) ಸವೆಯುವ ಕಾಯಿಲೆ, ಕ್ಯಾಲ್ಸಿಯಂ ಕೊರತೆ ಅಲ್ಲ. ರಾಗಿ ಗಂಜಿ ಕೊಡಬಹುದು, ಆದರೆ ಅನ್ನದ ಬದಲಿಗೆ, ಅನ್ನದ ಮೇಲೆ ಅಲ್ಲ.

ತೂಕ ಇಳಿಸುವಾಗ ಬರೀ ಊಟ ಅರ್ಧ ಮಾಡಿದರೆ ತೊಡೆಯ ಸ್ನಾಯು ಕರಗುತ್ತದೆ. ಹಿಂಗಾಲು ಎತ್ತುವುದೇ ಆ ಸ್ನಾಯು. ಅನ್ನ ಇಳಿಸಿ, ಪ್ರೋಟೀನ್ ಏರಿಸಿ. 32 ಕೇಜಿ ಗುರಿ ಇಟ್ಟುಕೊಂಡರೆ ದಿನಕ್ಕೆ ಸುಮಾರು 950 ಕ್ಯಾಲೊರಿಯಿಂದ ಶುರು ಮಾಡಬಹುದು. ವಾರಕ್ಕೆ ಅರ್ಧ ಕೇಜಿಗಿಂತ ಜಾಸ್ತಿ ಇಳಿಯುವುದು ಬೇಡ.

ಕಡಲತಡಿ, ಮಲ್ಪೆ

ಡಾಕ್ಟ್ರೇ, ಸ್ನಾಯುವಿನ ಮಾತು ಹೇಳಿದ್ದು ಒಳ್ಳೆಯದಾಯಿತು.

ಸಾಗರದವರೇ, ಅಗಸೆಯಲ್ಲಿರುವುದು ಬೇರೆ ಬಗೆಯ ಒಮೇಗಾ-3. ಅದನ್ನು ಇಪಿಎ, ಡಿಎಚ್‌ಎ ಆಗಿ ಬದಲಿಸುವ ಶಕ್ತಿ ನಾಯಿಯ ದೇಹಕ್ಕೆ ತೀರಾ ಕಡಿಮೆ. ನಿಮ್ಮಂಥ ಮನೆಗೆ ಪಾಚಿಯಿಂದ ತೆಗೆದ ಎಣ್ಣೆ ಸರಿ. ಮೀನಿಗೂ ಈ ಕೊಬ್ಬು ಮೂಲದಲ್ಲಿ ಪಾಚಿಯಿಂದಲೇ ಬರುವುದು. ಸಸ್ಯಾಹಾರಿ ಒಮೇಗಾ-3 ಅಂತ ಕ್ಯಾಪ್ಸೂಲ್ ಸಿಗುತ್ತದೆ. ಆದರೆ ಕೆಲವಲ್ಲಿ ಇರುವುದು ಅಗಸೆ ಎಣ್ಣೆಯೇ, ಇನ್ನು ಕೆಲವಲ್ಲಿ ಬರೀ ಡಿಎಚ್‌ಎ. ಇಪಿಎಯೂ ಇರುವುದನ್ನೇ ನೋಡಿ ತನ್ನಿ. ಕಿಲೋ ತೂಕಕ್ಕೆ ಎರಡೂ ಸೇರಿ 50ರಿಂದ 100 ಮಿಲಿಗ್ರಾಂ ಅನ್ನುವುದು ರೂಢಿಯಲ್ಲಿರುವ ಲೆಕ್ಕ. ನಿಮ್ಮ ಡಾಕ್ಟರ್ ಹತ್ತಿರ ಖಚಿತ ಮಾಡಿಕೊಳ್ಳಿ. ಮೊದಲು ಸ್ವಲ್ಪದಲ್ಲೇ ಶುರು ಮಾಡಿ, ಭೇದಿ ಆಗದಿದ್ದರೆ ನಿಧಾನ ಏರಿಸಿ. ಪರಿಣಾಮ ಕಾಣಲು ಎರಡು ತಿಂಗಳಾದರೂ ಬೇಕು. ಅಲ್ಲಿಯವರೆಗೆ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ನೋವಿದ್ದರೆ ನಾಯಿ ನಡೆಯುವುದಿಲ್ಲ, ನಡೆಯದಿದ್ದರೆ ತೂಕವೂ ಇಳಿಯುವುದಿಲ್ಲ.

ಮಂಗರವಳ್ಳಿ ನನಗೂ ಇಷ್ಟದ ಚಟ್ನಿ. ಹಸಿಯಾಗಿ ಮುಟ್ಟಿದರೆ ಕೈ ತುರಿಸುತ್ತದೆ ಅಲ್ವಾ? ಅದಕ್ಕೇ ನಾವು ಎಣ್ಣೆಯಲ್ಲಿ ಹುರಿದು, ಹುಣಸೆ ಹಾಕಿ ಅರೆಯುವುದು. ರಾಮುವಿನ ಬಾಯಿ, ಗಂಟಲಿಗೆ ಆ ತುರಿಕೆ ಯಾಕೆ ಕೊಡಬೇಕು? ಬಿಡಿ.

ಮೊಟ್ಟೆ ಆಗುತ್ತದೆ ಅಂದರೆ ಅರ್ಧ ಕೆಲಸ ಆಯಿತು. ದೋಸೆ, ರಸ್ಕ್, ಬಿಸ್ಕತ್ತು ಪೂರ್ತಿ ನಿಲ್ಲಲಿ. ಅಳತೆಗೆ ಒಂದು ಲೋಟ ಇಟ್ಟುಕೊಂಡು ಅನ್ನ ಹಾಕಿ, ಕೈ ಅಂದಾಜು ಬೇಡ. ಬೇಯಿಸಿದ ಮೊಟ್ಟೆ, ಕೆನೆ ತೆಗೆದ ಮೊಸರು, ಹೊಟ್ಟೆ ತುಂಬಲು ಬೇಯಿಸಿದ ಸಿಹಿಗುಂಬಳ ಮತ್ತು ಬೀನ್ಸ್. ನಮ್ಮ ಚಿನ್ನಿ ಮಜ್ಜಿಗೆಯಲ್ಲಿ ಅದ್ದಿದ ಸೌತೆಕಾಯಿ ಹೋಳು ಅಂದರೆ ಓಡಿ ಬರುತ್ತಾಳೆ. ದಿನಾ ಮನೆಯ ಅಡುಗೆಯೇ ಆದರೆ ಜೀವಸತ್ವ, ಖನಿಜ ಸರಿ ಇದೆಯಾ ಅಂತ ಡಾಕ್ಟರ್ ಹತ್ತಿರ ಒಮ್ಮೆ ಕೇಳಿ.

ಅಮ್ಮನ ತುತ್ತು ನಿಲ್ಲಿಸಬೇಡಿ. ವಯಸ್ಸಾದ ಇಬ್ಬರಿಗೂ ಅದು ದಿನದ ದೊಡ್ಡ ವಿಷಯ. ರಾಮುವಿನ ರಾತ್ರಿ ಪಾಲಿನಿಂದಲೇ ಒಂದು ತುಂಡು ಮೊಟ್ಟೆ ತೆಗೆದು ಅಮ್ಮನ ಪಕ್ಕದಲ್ಲಿ ಸಣ್ಣ ಬಟ್ಟಲಲ್ಲಿಡಿ. ಅವರೇ ಕೈಯಾರೆ ಕೊಡಲಿ. ಮೊಟ್ಟೆ ಮುಟ್ಟುವುದು ಬೇಡ ಅಂದರೆ ಸೌತೆಕಾಯಿ ಇಡಿ.

ಒಳಗೆ ಅವನು ಓಡಾಡುವ ದಾರಿಯಲ್ಲಿ ನಾರಿನ ಮ್ಯಾಟ್ ಹಾಸಿ, ಉಗುರು ಕತ್ತರಿಸಿ. ರೆಡ್ ಆಕ್ಸೈಡ್ ನೆಲದಲ್ಲಿ ಒಂದು ಸಲ ಕಾಲು ಅಗಲವಾಗಿ ಜಾರಿದರೆ ಮಾಡಿದ್ದೆಲ್ಲ ವ್ಯರ್ಥ.

ಅಡಿಕೆತೋಟ, ಸಾಗರ

ಮ್ಯಾಟ್ ಇವತ್ತೇ ಹಾಸಿದೆ. ರಕ್ತಪರೀಕ್ಷೆಗೆ ಸೋಮವಾರ ಹೋಗುತ್ತೇವೆ. ಅಡಿಕೆ ತೂಗುವ ಯಂತ್ರ ಮನೆಯಲ್ಲೇ ಇದೆ, ವಾರಕ್ಕೊಮ್ಮೆ ಅದರ ಮೇಲೆ ನಿಲ್ಲಿಸಿ ಬರೆದಿಡುತ್ತೇನೆ. ಅಮ್ಮ ಸೌತೆಕಾಯಿಗೆ ಒಪ್ಪಿದ್ದಾರೆ. ಮೊಟ್ಟೆ ಇಲ್ಲದ ದಿನ ಹೆಸರುಕಾಳು ಕೊಡಬಹುದಾ?

ಕಡಲತಡಿ, ಮಲ್ಪೆ

ಕೊಡಬಹುದು. ರಾತ್ರಿ ನೆನೆಸಿ, ಮೆತ್ತಗೆ ಬೇಯಿಸಿ, ಹಿಸುಕಿ ಹಾಕಿ. ಉಪ್ಪು, ಒಗ್ಗರಣೆ ಬೇಡ. ಮೊದಲ ದಿನ ಎರಡು ಚಮಚ ಸಾಕು, ಹೊಟ್ಟೆ ಉಬ್ಬರ ಆಗುತ್ತದಾ ನೋಡಿಕೊಳ್ಳಿ. ರಕ್ತಪರೀಕ್ಷೆಯಲ್ಲಿ ಏನು ಬಂತು ಅಂತ ಇಲ್ಲೇ ಬರೆಯಿರಿ.