ಕ್ವಾಲ್‌ಕಾಮ್‌ಗೆ ‘ಸೆಲ್’ ಅಂದಿದ್ದಾರೆ, ಮಾರಿಬಿಡಲೇ?

ಪ್ರಶ್ನೆ: ನಮಸ್ಕಾರ ಮೇಡಂ. ನಾಲ್ಕು ವರ್ಷದಿಂದ ಅಮೆರಿಕದ ಮೊಬೈಲ್ ಚಿಪ್ ಕಂಪನಿ ಕ್ವಾಲ್‌ಕಾಮ್‌ನ ಷೇರು ಇಟ್ಟುಕೊಂಡಿದ್ದೇನೆ. ಒಂದು ಬ್ರೋಕರೇಜ್‌ನ ವಿಶ್ಲೇಷಕರು ರೇಟಿಂಗನ್ನು ‘ಹೋಲ್ಡ್’ನಿಂದ ‘ಸೆಲ್’ಗೆ ಇಳಿಸಿದ್ದಾರೆ. ಆಪಲ್ ಸ್ವಂತ ಮೋಡೆಮ್ (ಫೋನನ್ನು ನೆಟ್‌ವರ್ಕ್‌ಗೆ ಜೋಡಿಸುವ ಚಿಪ್) ಮಾಡುತ್ತಿದೆ, ದೊಡ್ಡ ಗಿರಾಕಿ ಕೈತಪ್ಪುತ್ತಾನೆ ಅನ್ನುವುದೇ ಕಾರಣ. ಮಾರಿಬಿಡಲೇ?

ಉತ್ತರ: ನಮಸ್ಕಾರ. ಮಾರಿ, ಬಿಡಿ ಅಂತ ನಾನು ಹೇಳಲಾರೆ, ನಿಮ್ಮ ಹಣದ ಅಗತ್ಯ ನನಗೆ ಗೊತ್ತಿಲ್ಲ. ಆ ವರದಿಯನ್ನು ನಾನಾದರೆ ಹೇಗೆ ಓದುತ್ತಿದ್ದೆ ಅಂತ ಹೇಳುತ್ತೇನೆ.

ಆಪಲ್ ಸುದ್ದಿ ಹಳೆಯದು. ಇಂಟೆಲ್‌ನ ಮೋಡೆಮ್ ವಿಭಾಗವನ್ನು ಆಪಲ್ 100 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಹೇಳಿದ್ದು 2019ರಲ್ಲಿ. 2023ರ ಸೆಪ್ಟೆಂಬರ್‌ನಲ್ಲಿ ಪೂರೈಕೆ ಒಪ್ಪಂದ ಮುಂದುವರಿಸಿದಾಗಲೇ ಕ್ವಾಲ್‌ಕಾಮ್, 2026ರ ಐಫೋನ್‌ಗಳಲ್ಲಿ ತನ್ನ ಪಾಲು ಶೇ 20 ಮಾತ್ರ ಎಂದು ಲೆಕ್ಕ ಹಾಕಿಕೊಂಡಿತ್ತು. 2025ರ ಫೆಬ್ರುವರಿಯಲ್ಲಿ ಐಫೋನ್ 16ಇ ಒಳಗೆ ಆಪಲ್‌ನದೇ ಮೋಡೆಮ್ ಸಿ1 ಬಂತು. ಇಷ್ಟು ಜನಕ್ಕೆ ಗೊತ್ತಿರುವ ಸಂಗತಿ ಬಹುಪಾಲು ಈಗಾಗಲೇ ಬೆಲೆಯೊಳಗೆ ಸೇರಿರುತ್ತದೆ.

ನಾನು ಮೊದಲು ಹುಡುಕುವುದು ಬೇರೆ. ಕ್ವಾಲ್‌ಕಾಮ್‌ಗೆ ಎರಡು ದುಡಿಮೆ: ಚಿಪ್ ಮಾರುವುದು, ಪೇಟೆಂಟ್ ಲೈಸೆನ್ಸ್ ಕೊಡುವುದು. 2024ರ ಆರ್ಥಿಕ ವರ್ಷದಲ್ಲಿ ಚಿಪ್‌ನಿಂದ ಸುಮಾರು 3,300 ಕೋಟಿ ಡಾಲರ್ ಬಂದರೆ, ಲೈಸೆನ್ಸ್‌ನಿಂದ ಬಂದದ್ದು 560 ಕೋಟಿಯಷ್ಟೇ. ಆದರೆ ಚಿಪ್‌ನ ನೂರು ಡಾಲರ್‌ನಲ್ಲಿ ತೆರಿಗೆಗೆ ಮುಂಚೆ ಉಳಿಯುವುದು 29, ಲೈಸೆನ್ಸ್‌ನ ನೂರರಲ್ಲಿ 72ರ ಆಸುಪಾಸು. ಆಪಲ್ ಮೋಡೆಮ್ ಯಾರದ್ದೇ ಹಾಕಲಿ, ಪೇಟೆಂಟ್ ಬಳಕೆಗೆ ಕ್ವಾಲ್‌ಕಾಮ್‌ಗೆ ಶುಲ್ಕ, ಅಂದರೆ ರಾಯಲ್ಟಿ ಕೊಡಬೇಕು. ಆ ಲೈಸೆನ್ಸ್ 2027ರ ಮಾರ್ಚ್‌ವರೆಗೆ ಇದೆ. ನಿಮ್ಮ ವಿಶ್ಲೇಷಕರು ಎರಡನ್ನೂ ಒಟ್ಟಿಗೆ ಕಳೆದಿದ್ದಾರಾ? ಕಳೆದಿದ್ದರೆ ಲೆಕ್ಕ ತಪ್ಪು. 2027ರ ನವೀಕರಣದ ಬಗ್ಗೆ ಬರೆದಿದ್ದರೆ ಕೂತು ಓದಿ, ನನಗೂ ಭಯ ಇರುವುದು ಅಲ್ಲೇ.

ಪ್ರಶ್ನೆ: ‘ಸೆಲ್’ ಅನ್ನುವುದಕ್ಕೆ ಧೈರ್ಯ ಬೇಕು, ಹಾಗಾಗಿ ನಿಜವೇ ಇರಬೇಕು ಅಂತಾನೆ ಗೆಳೆಯ.

ಉತ್ತರ: ಅರ್ಧ ನಿಜ. ಕಂಪನಿಗಳ ವ್ಯವಹಾರ ಬೇಕಾದ ಬ್ರೋಕರೇಜ್‌ಗಳು ‘ಸೆಲ್’ ಅನ್ನುವುದು ಅಪರೂಪ. ಈ ಹಿತಾಸಕ್ತಿಯ ಗೋಜಲಿಗಾಗಿಯೇ 2003ರಲ್ಲಿ ಅಮೆರಿಕದ 10 ಸಂಸ್ಥೆಗಳು ಸುಮಾರು 140 ಕೋಟಿ ಡಾಲರ್ ತೆತ್ತು ರಾಜಿಯಾದವು. ಹಾಗಂತ ವಿಶ್ಲೇಷಕರ ಟಾರ್ಗೆಟ್ (ಷೇರು ಮುಟ್ಟಬಹುದು ಅನ್ನುವ ಬೆಲೆ) ವೇದವಾಕ್ಯವಲ್ಲ. 1999ರ ಡಿಸೆಂಬರ್ 29ರಂದು ಪೇನ್‌ವೆಬರ್ ಬ್ರೋಕರೇಜ್‌ನ ವಿಶ್ಲೇಷಕರು ಇದೇ ಷೇರಿಗೆ 1,000 ಡಾಲರ್ ಟಾರ್ಗೆಟ್ ಕೊಟ್ಟರು, ಒಂದೇ ದಿನ ಶೇ 31 ಏರಿತು. ಕೆಲವೇ ದಿನದಲ್ಲಿ ಶಿಖರ ಮುಟ್ಟಿ ಉರುಳಿದ್ದು, ಆ ಶಿಖರ ದಾಟಲು ಸುಮಾರು 20 ವರ್ಷ ಹಿಡಿಯಿತು. ತಿರುಗುಮುರುಗೂ ಆಗಿದೆ: ಆಪಲ್ ಜತೆಗಿನ ವ್ಯಾಜ್ಯ ನೋಡಿ ಮಾರಿಕೊಂಡವರು 2019ರ ಏಪ್ರಿಲ್ 16ರಂದು ಕೈ ಹಿಸುಕಿಕೊಂಡರು. ರಾಜಿ ಸುದ್ದಿ ಬಂದ ಆ ದಿನ ಏರಿಕೆ ಶೇ 23.

ಪ್ರಶ್ನೆ: ವರದಿ ತೆಗೆದು ನೋಡಿದೆ ಮೇಡಂ. ರಾಯಲ್ಟಿ ಸಾಲು ಮುಟ್ಟಿಲ್ಲ. ಆದರೆ ಕಾರು ಚಿಪ್‌ಗಳ ಬೆಳವಣಿಗೆಗೆ ಸೊನ್ನೆ ಇಟ್ಟಿದ್ದಾರೆ.

ಉತ್ತರ: ಹಾಗಾದರೆ ಅವರ ‘ಸೆಲ್’ ನಿಂತಿರುವುದು ಆ ಸೊನ್ನೆಯ ಮೇಲೂ, ಆಪಲ್ ಮೇಲೆ ಮಾತ್ರ ಅಲ್ಲ. ಕಾರಿನ ಆದಾಯ 2024ರಲ್ಲಿ ಸುಮಾರು 290 ಕೋಟಿ ಡಾಲರ್. 2029ಕ್ಕೆ 800 ಕೋಟಿ ಅನ್ನುತ್ತದೆ ಕಂಪನಿ. ಅದೂ ಮಾರುವವರ ಮಾತೇ ಅನ್ನಿ. ಆ ಸಾಲಿಗೆ ನಿಮಗೆ ನಂಬಿಕೆಯಿರುವ ಅಂಕಿ ಹಾಕಿ, ಪ್ರತಿ ಷೇರಿನ ಗಳಿಕೆ ಎಷ್ಟು ಬದಲಾಗುತ್ತದೆ ನೋಡಿ ಇಲ್ಲೇ ಬರೆಯಿರಿ.